ಇಳಿಯದ ಸವಾರರು

“ಬುದ್ಧಿ, ಕುದುರೆಯೂ ಇದೆ, ಬಂದೂಕೂ ಇದೆ. ಆದರೂ ನನ್ನ ಪಡೆ ಯಾಕೆ ಸೋಲುತ್ತದೆ?”

ಹೀಗೆ ಕೇಳಿದವನು ಮಠದ ಶಿಷ್ಯ ಮರುಳಯ್ಯ. ಅವನ ಪಡೆ ಇದ್ದದ್ದು ಕಚೇರಿಯ ಕಂಪ್ಯೂಟರಿನಲ್ಲಿ, ಹಳೆಯ ಕಾಲದ ಯುದ್ಧದ ಆಟವೊಂದರಲ್ಲಿ. ಗುರುಗಳ ತಲೆಯಲ್ಲಿದ್ದ ವಿಷಯ ಬೇರೆ. ಪಕ್ಕದ ಊರಿನ ಅಣ್ಣತಮ್ಮಂದಿರು ಜಗಳವಾಡಿ ಮನೆಯ ನಡುವೆ ಗೋಡೆ ಎಬ್ಬಿಸಲು ಹೊರಟಿದ್ದರು. ಅವರಿಗೆ ತಿಳಿಹೇಳಿ ಬಾ ಎಂದು ಹಿಂದಿನ ದಿನ ಮರುಳಯ್ಯನಿಗೆ ಮಠದ ಜೀಪು ಕೊಟ್ಟು ಕಳಿಸಿದ್ದರು. ಅವನು ಹೋದಷ್ಟೇ ಬೇಗ ತಿರುಗಿ ಬಂದಿದ್ದ. ಗೋಡೆ ಏಳುತ್ತಲೇ ಇತ್ತು.

ಗುರುಗಳು ಕಂಪ್ಯೂಟರು ಮುಟ್ಟಿದವರಲ್ಲ. ಆದರೂ ಕತೆ ಹೇಳಿದರು.

ಒಬ್ಬ ಪಾಳೇಗಾರನಿದ್ದ. ಅವನ ಕಾಲಾಳುಗಳ ಬಳಿ ಗಿಡ್ಡ ಬಂದೂಕುಗಳಿದ್ದವು. ಎದುರಿನವನ ಮೀಸೆ ಕಾಣುವಷ್ಟು ಹತ್ತಿರದಿಂದ ಹೊಡೆದರೆ ಗುಂಡು ತಾಗುತ್ತಿತ್ತು. ದೂರವಾದರೆ ಬರೀ ಸದ್ದು. ಗಡಿಗೆ ನಡೆದು ಮುಟ್ಟುವಷ್ಟರಲ್ಲಿ ದನಗಳ್ಳರು ಕೆಲಸ ಮುಗಿಸಿರುತ್ತಿದ್ದರು. ಅದಕ್ಕೇ ಪಾಳೇಗಾರ ಎಲ್ಲರಿಗೂ ಕುದುರೆ ಕೊಡಿಸಿದ. “ಬೇಗ ಹೋಗಿ, ಇಳಿಯಿರಿ, ಬಂಡೆಯ ಮರೆಯಲ್ಲಿ ಕೂರಿ, ಮೀಸೆ ಕಂಡ ಮೇಲೆ ಹೊಡೆಯಿರಿ” ಎಂದ. ಅಷ್ಟೇ ವಿದ್ಯೆ.

ಆದರೆ ಕುದುರೆ ಹತ್ತಿದವನಿಗೆ ನೆಲ ಕಾಣುತ್ತದೆಯೇ? ಒಬ್ಬ ರುಮಾಲಿಗೆ ಕುಚ್ಚು ಕಟ್ಟಿಸಿದ. ಇನ್ನೊಬ್ಬ ಪಕ್ಕದ ಮನೆಗೆ ಮಜ್ಜಿಗೆ ಕೇಳಲೂ ಕುದುರೆಯ ಮೇಲೆಯೇ ಹೋದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಅವರಲ್ಲೊಬ್ಬನಿಗೆ ಮಾತ್ರ ಸವಾರಿಯೇ ಬರುತ್ತಿರಲಿಲ್ಲ. ಅವನು ಕುದುರೆಯ ಕುತ್ತಿಗೆ ತಬ್ಬಿಕೊಂಡೇ ತಿರುಗುತ್ತಿದ್ದ. ಉಳಿದವರು ಅವನನ್ನು ಕಂಡು ನಗುತ್ತಿದ್ದರು.

ಒಂದು ದಿನ ದನಗಳ್ಳರು ಊರಿನ ದನಗಳನ್ನೆಲ್ಲ ಹೊಡೆದುಕೊಂಡು ಹೊಳೆಯ ಕಡೆ ಹೊರಟರು. ಹೊಳೆ ದಾಟಿದರೆ ದನ ಹೋದ ಹಾಗೆಯೇ. ಊರಿಗೆ ಹಾಲೂ ಇಲ್ಲ, ಉಳುಮೆಯೂ ಇಲ್ಲ. ಸವಾರರು ಅಡ್ಡದಾರಿ ಹಿಡಿದು ಮೊದಲೇ ಹೊಳೆ ಮುಟ್ಟಿದರು.

“ಇಳಿಯಿರೋ!” ಎಂದ ದಳವಾಯಿ.

“ಇಳಿದರೆ ಮತ್ತೆ ಕಾಲಾಳು ಅನ್ನುವುದಿಲ್ಲವೇ ಸ್ವಾಮಿ? ಮೊನ್ನೆ ತಾನೇ ನಮ್ಮ ಮಾವ ಎದ್ದು ನಿಂತು ಕೈ ಮುಗಿದಿದ್ದಾನೆ” ಎಂದ ಕುಚ್ಚಿನವನು.

ಯಾರೂ ಇಳಿಯಲಿಲ್ಲ. ದೂರದಲ್ಲಿ ಧೂಳು ಕಂಡದ್ದೇ ತಡ, ಕುದುರೆಯ ಮೇಲಿಂದಲೇ ಹೊಡೆದರು. ಗುಂಡುಗಳೆಲ್ಲ ಮಣ್ಣುಪಾಲಾದವು. ಸದ್ದಿಗೆ ಬೆದರಿದ ಕುದುರೆಗಳು ಸವಾರರ ಸಮೇತ ನೇರ ಲಾಯಕ್ಕೆ ಓಡಿದವು. ದಳವಾಯಿಯ ಕುದುರೆ ಎಲ್ಲಕ್ಕಿಂತ ಮುಂದಿತ್ತು.

ಸವಾರಿ ಬಾರದವನು ಮೊದಲ ಸದ್ದಿಗೇ ಕೆಳಗೆ ಬಿದ್ದಿದ್ದ. ಬಂದೂಕು ಹೊಡೆಯಲೂ ಅವನಿಗೆ ಪುರಸೊತ್ತಾಗಿರಲಿಲ್ಲ. ಹೆದರಿ ಬಂಡೆಯ ಹಿಂದಕ್ಕೆ ತೆವಳಿದ. ಸವಾರರು ಓಡಿದ್ದನ್ನು ಕಂಡ ಕಳ್ಳರು ನಗುತ್ತ ನಗುತ್ತ ಹತ್ತಿರ ಬಂದರು. ಅವರ ನಾಯಕನ ಮೀಸೆ ಕಂಡಿತು. ಮೀಸೆಗೆ ಅಂಟಿದ್ದ ಅನ್ನದ ಅಗುಳೂ ಕಂಡಿತು. ಬಿದ್ದವನು ಕಣ್ಣು ಮುಚ್ಚಿ ಹೊಡೆದ. ನಾಯಕನ ರುಮಾಲು ಹಾರಿ ಹೊಳೆಯಲ್ಲಿ ತೇಲಿತು. ಒಂದೊಂದು ಬಂಡೆಯ ಹಿಂದೆಯೂ ಒಬ್ಬೊಬ್ಬನಿದ್ದಾನೆ ಎಂದುಕೊಂಡ ಕಳ್ಳರು ದನ ಬಿಟ್ಟು ಓಡಿದರು.

“ಅಷ್ಟು ಜನರಿಂದ ಆಗದ್ದನ್ನು ನೀನೊಬ್ಬ ಹೇಗೆ ಮಾಡಿದೆಯೋ?” ಎಂದು ಪಾಳೇಗಾರ ಕೇಳಿದ.

“ಬಿದ್ದೆ, ದೊರೆ.”

ಮರುದಿನದಿಂದ ಸವಾರರೆಲ್ಲ ಬೀಳುವುದನ್ನು ಅಭ್ಯಾಸ ಮಾಡತೊಡಗಿದರಂತೆ. ಇಳಿಯುವುದನ್ನು ಮಾತ್ರ ಒಬ್ಬನೂ ಕಲಿಯಲಿಲ್ಲ.

ಮರುಳಯ್ಯ ನಕ್ಕು ನಕ್ಕು ಕಣ್ಣೊರೆಸಿಕೊಂಡ. “ತಿಳಿಯಿತು ಬುದ್ಧಿ. ಇವತ್ತೇ ಆಟದಲ್ಲಿ ನನ್ನವರನ್ನೆಲ್ಲ ಕೆಳಗಿಳಿಸುತ್ತೇನೆ” ಎಂದು ಎದ್ದ.

“ಇಳಿಸಪ್ಪ. ನಿನ್ನೆ ಆ ಅಣ್ಣತಮ್ಮಂದಿರ ಬಾಗಿಲಲ್ಲಿ ನೀನು ಜೀಪಿನಿಂದ ಇಳಿದಿದ್ದೆಯಾ?” ಎಂದರು ಗುರುಗಳು.

ಮರುಳಯ್ಯ ಕಂಪ್ಯೂಟರಿನ ಕಡೆ ಹೋಗದೆ ಜೀಪಿನ ಕಡೆ ನಡೆದ.