ಛತ್ರದೊಳಗಿನ ಹೆಲಿಕಾಪ್ಟರ್

ಹತ್ತಿರ ಬನ್ನಿ, ಯಾರ ಹತ್ರಾನೂ ಬಾಯಿ ಬಿಡ್ಬೇಡಿ. ಪಕ್ಕದ್ಮನೆ ಕಂಟ್ರಾಕ್ಟರ್ ವೃಷಭೇಂದ್ರಪ್ಪ ಇದ್ದಾನಲ್ಲ, ಮಗಳ ನಿಶ್ಚಿತಾರ್ಥಕ್ಕೆ ರಿಮೋಟ್ ಹೆಲಿಕಾಪ್ಟರಿನಿಂದ ಹೂ ಹಾಕಿಸ್ತೀನಿ ಅಂತ ಹಟ ಹಿಡಿದ. ಅದೂ ಛತ್ರದ ಒಳಗೆ!

"ಇರೋದ್ರಲ್ಲಿ ದೊಡ್ಡದನ್ನೇ ಹಾರಿಸು. ಇಲ್ಲಾಂದ್ರೆ ನಿನ್ನ ಕೆಲಸ ತೆಗೆಸ್ತೀನಿ" ಅಂತ ಅದನ್ನು ಹಾರಿಸೋಕೆ ಆಟಿಕೆ ಅಂಗಡಿಯಿಂದ ಬಂದವಳಿಗೆ ಗದರಿದ. ದೊಡ್ಡದರ ಒಂದೊಂದು ರೆಕ್ಕೆಯೂ ನನ್ನ ತೋಳುದ್ದ. ತಗುಲಿದರೆ ಮೂಳೆ ಮುರಿದಂತೆಯೇ.

ಅವಳು ಎದುರಾಡಲೇ ಇಲ್ಲ. "ಆಗ್ಲಿ ಸಾರ್. ರೆಕ್ಕೆ ಉದ್ದ ಆದಷ್ಟೂ ಜನ ದೂರ ಕೂರಬೇಕು. ಅಂಗೈಯಷ್ಟು ರೆಕ್ಕೇದಾದ್ರೆ ನೀವು ಮುಂದಿನ ಸೋಫಾದಲ್ಲೇ ಕೂರಬಹುದು. ಮೊಳದುದ್ದದ್ದಾದ್ರೆ ಊಟದ ಹಾಲ್‌ನಲ್ಲಿ. ಈ ದೊಡ್ಡದಕ್ಕಾದ್ರೆ ಬನ್ನಿ, ತೋರಿಸ್ತೀನಿ" ಅಂತ ಅವನ ಕುರ್ಚಿ ಹೊತ್ಕೊಂಡು ಹೋಗಿ ಹೊರಗೆ ಚಪ್ಪಲಿ ರಾಶಿ ಪಕ್ಕ ಹಾಕಿದಳು!

"ಮತ್ತೆ ಬೀಗರು?" ಅಂದ.

"ಅವರೂ ಇಲ್ಲೇ ಸಾರ್, ನಿಮ್ಮ ಜೊತೆಗೆ."

ಅವನ ಮುಖ ನೋಡ್ಬೇಕಿತ್ತು ನೀವು! "ಚಿಕ್ಕದನ್ನೇ ಹಾರಿಸಮ್ಮ" ಅಂತ ಮೆತ್ತಗಾದ. ಆ ಪುಟಾಣಿ ಒಂದೇ ಒಂದು ಗುಲಾಬಿ ಎಸಳು ಹೊತ್ತು ತಂದು ಹುಡುಗಿಯ ತಲೆ ಮೇಲೆ ಬಿಟ್ಟಿತು. ಜನವೆಲ್ಲ ಚಪ್ಪಾಳೆ. ಏನು ಜಾಣೆ ಅಂತೀರಿ!

ಬೆಳಗ್ಗೆ ಅವನ ಹೆಂಡತಿ ವಿಶಾಲಾಕ್ಷಿ ನನ್ನ ಹತ್ರಾನೇ ಹೇಳಿದಳು: "ನಮ್ಮೋರನ್ನ ಚಿಕ್ಕದಕ್ಕೆ ಒಪ್ಪಿಸಿದೋಳು ಅವಳೊಬ್ಬಳೇ ಕಣ್ರೀ. ನಾವು ಇಷ್ಟು ದೊಡ್ಡ ಮನೆ ಕಟ್ಟಿಸೋವಾಗ ಎಲ್ಲಿದ್ದಳೋ!"