ಮದುವೆಯಾದ ಕಪ್ಪೆಯ ಸಿಟ್ಟು

ಈ ಕಥೆಯನ್ನು ಮೊದಲು ನಮಗೆ ಹೇಳಿದವರು ಸೋದರತ್ತೆ ಗಂಗಹನುಮಕ್ಕ.

ಒಂದೂರಿನಲ್ಲಿ ಮುಂಗಾರು ಒಂದೇ ಸಂಜೆ ಧೋ ಎಂದು ಸುರಿದು, ಆಮೇಲೆ ಮುಖ ತೋರಿಸಲಿಲ್ಲ. ಮಳೆ ಬರಲೆಂದು ಊರವರು ಬಚ್ಚಲ ಕೊಚ್ಚೆಯಿಂದ ಎರಡು ಕಪ್ಪೆ ಹಿಡಿದು, ಅರಿಶಿನ ಹಚ್ಚಿ ಮದುವೆ ಮಾಡಿದರು. ಮದುವೆಯಾದ ಕಪ್ಪೆಗಳನ್ನು ಕೆರೆಗೆ ಬಿಡುವುದು ಪದ್ಧತಿ. ಆದರೆ ಊರವರೇ ಕೆರೆಯನ್ನು ಮುಚ್ಚಿ ಶುಂಠಿ ಹಾಕಿದ್ದರು. ಊರ ಯಜಮಾನ ಮುದ್ದೇಗೌಡರು ಕಪ್ಪೆಗಳ ತಟ್ಟೆ ಹಿಡಿದು, ಕಲಶ ಹೊತ್ತ ಪೂಜಾರಿಯೊಂದಿಗೆ ಏರಿಯ ಮೇಲೆ ಬಂದು ನಿಂತರು.

ಹೆಣ್ಣುಗಪ್ಪೆಗೆ ಮೈಯೆಲ್ಲ ಉರಿಯಿತು. “ಗೌಡರೇ, ನಾನು ಸಂಸಾರ ಹೂಡುವುದೆಲ್ಲಿ?”

“ಮೊದಲು ಮಳೆ ತರಿಸು ತಾಯಿ, ಆಮೇಲೆ ನೋಡೋಣ.”

“ಆವತ್ತು ದೇವರು ಸುರಿಸಿದ ಮಳೆಯನ್ನು ಎಲ್ಲಿಟ್ಟಿರಿ?”

“ಅದು ರಸ್ತೆ ಮೇಲೆ ಹರಿದುಹೋಯಿತಮ್ಮ. ಕೆರೆಗೆ ನೀರು ತರುವ ಕಾಲುವೆಯನ್ನೂ ಉತ್ತುಬಿಟ್ಟಿದ್ದೆವು.”

“ದೊಡ್ಡವರ ಮುಂದೆ ಬಾಯಿ ಮಾಡಬೇಡವೇ,” ಎಂದಿತು ಗಂಡುಗಪ್ಪೆ.

“ನೀವು ಸುಮ್ಮನಿರಿ! ಕೆರೆಗೆ ಮಣ್ಣು ಹಾಕಿದ ಕೈಯಲ್ಲೇ ನನಗೆ ಅರಿಶಿನ ಹಚ್ಚಿದ್ದಾರೆ. ದೇವರ ಕಣ್ಣಿಗೂ ಮಣ್ಣೆರಚಲು ನಾವು ಬೇಕಾಯಿತೇ?” ಎಂದು ಹೆಣ್ಣುಗಪ್ಪೆ ಪೂಜಾರಿಯ ಕೈಯಲ್ಲಿದ್ದ ಕಲಶದೊಳಕ್ಕೆ ನೆಗೆಯಿತು.

“ಅಯ್ಯೋ, ದೇವರ ನೀರು! ಹೊರಗೆ ಬಾ ತಾಯಿ!” ಎಂದು ಪೂಜಾರಿ ಬೇಡಿಕೊಂಡ.

“ಬರುವುದಿಲ್ಲ. ನಿಮ್ಮೂರಲ್ಲಿ ಉಳಿದಿರುವ ಕೆರೆ ಇದೊಂದೇ.”

ಕೆರೆ ಮುಚ್ಚಿ ಮಳೆಗೆ ಕೈಮುಗಿಯುವವರು ಎಲ್ಲಿ ಸಿಕ್ಕರೂ ಈ ಕಥೆಯನ್ನು ಅವರ ಕಿವಿಗೆ ಹಾಕಿ.