ಮುದಿ ನಾಯಿಯ ಹಾಲನ್ನ

ಹೊಳೆದಂಡೆಯಲ್ಲಿ ನೀಲವ್ವನವರ ಆಶ್ರಮ. ಬೆಳಗಿನ ಹೊತ್ತು ಅಲ್ಲಿ ನೀರು ಎಲ್ಲಿ ಮುಗಿದು ಮಂಜು ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟ.

ಅಂಥ ಮಂಜಿನೊಳಗಿಂದಲೇ ಪಂಪಣ್ಣ ಬಂದಿದ್ದ. ಹರಿಗೋಲು ನಡೆಸುತ್ತಿದ್ದವನು. ಹೆಂಡತಿ ಹುಲಿಗೆವ್ವ ತೀರಿಕೊಂಡ ಮೇಲೆ ಹುಟ್ಟು ಕೆಳಗಿಟ್ಟು ನೀಲವ್ವನವರ ಶಿಷ್ಯನಾದ.

ಅವನ ಹಿಂದೆಯೇ ಬಂದದ್ದು ಹುಲಿಗೆವ್ವ ಸಾಕಿದ ನಾಯಿ. ಬೂದುಬಣ್ಣ, ಮಸುಕು ಕಣ್ಣು, ತುಂಬ ವಯಸ್ಸಾಗಿತ್ತು. ಹೆಸರು ಮೋಡ.

ಮೋಡನ ಹೊಟ್ಟೆ ಸರಿಯಿರಲಿಲ್ಲ. ಒಂದು ದಿನ ವಾಂತಿ, ಒಂದು ದಿನ ಭೇದಿ. ನಡುವೆ ಸರಿಹೋದಂತೆ ಕಾಣುವುದು, ಮತ್ತೆ ಅದೇ ಪಾಡು. ಪಕ್ಕೆಲುಬುಗಳು ಚರ್ಮದೊಳಗಿಂದ ಎದ್ದು ಕಾಣುತ್ತಿದ್ದವು.

ಪಂಪಣ್ಣ ಓಮದ ನೀರು ಕುಡಿಸಿದ. ದಾಳಿಂಬೆ ಸಿಪ್ಪೆ ಅರೆದು ನೆಕ್ಕಿಸಿದ. ಮಜ್ಜಿಗೆಗೆ ಇಂಗು ಕದಡಿ ಕೊಟ್ಟ. ಆಶ್ರಮಕ್ಕೆ ಬಂದವರು ಯಾರು ಏನು ಹೇಳಿದರೂ ಅದನ್ನೂ ಮಾಡಿದ. ಎಲ್ಲ ಮಾಡಿ, ಸಂಜೆಗೆ ಬೋಗುಣಿ ತುಂಬ ಹಾಲನ್ನ ಕಲಸಿ ಅದರ ಮುಂದಿಡುತ್ತಿದ್ದ.

ಕೊನೆಗೆ ಗುರುವಿನ ಮುಂದೆ ಬಂದು ನಿಂತ.

“ಅವ್ವಾ, ಇದಕ್ಕೊಂದು ಮಂತ್ರ ಹಾಕ್ರಿ. ನನ್ನ ಕೈಲಿ ಆಗಲಿಲ್ಲ.”

“ನಿನ್ನೆ ಏನು ತಿಂತು?”

“ಹಾಲನ್ನ. ಹುಲಿಗೆವ್ವ ದಿನಾ ಅದನ್ನೇ ಕೊಡ್ತಿದ್ದಳು. ಹೋಗುವಾಗಲೂ ಮೋಡನ ಹೊಟ್ಟೆ ನೋಡ್ಕೋ ಅಂತ ಹೇಳೇ ಹೋದಳು.”

“ತಿಂದ ಮೇಲೆ?”

“ಕಕ್ಕಿತು.”

“ಆಮೇಲೆ?”

“ಪಾಪ, ಹೊಟ್ಟೆ ಖಾಲಿಯಾಯ್ತಲ್ಲ ಅಂತ ಮತ್ತೆ ಕಲಸಿಟ್ಟೆ.”

“ತಿಂತೇನು?”

“ತಿಂತವ್ವಾ. ನಾನು ಎಷ್ಟು ಕೊಟ್ಟರೂ ತಿಂತದೆ.”

ನೀಲವ್ವ ಹೊಳೆಯ ಕಡೆ ಒಮ್ಮೆ ನೋಡಿದರು. ಆಮೇಲೆ, “ಊಟಕ್ಕೆ ಬಾ,” ಅಂದರು.

ಅವತ್ತು ಯಾರೋ ಹೋಳಿಗೆ ತಂದಿದ್ದರು. ನೀಲವ್ವ ತಾವೇ ಬಡಿಸಿದರು. ಪಂಪಣ್ಣ ತಿಂದ. ಇನ್ನೊಂದು ಬಿತ್ತು, ಮೇಲೆ ತುಪ್ಪ. ಅದನ್ನೂ ತಿಂದ. ಎಲೆ ಬರಿದಾದ ಹಾಗೆ ಹೋಳಿಗೆ ಬೀಳುತ್ತಲೇ ಇತ್ತು. ಅವನು ತಲೆ ಎತ್ತಲಿಲ್ಲ. ಹಣೆಯಲ್ಲಿ ಬೆವರು ಮೂಡಿತು. ಉಸಿರು ಮೇಲೆ ಬಂತು. ಆದರೂ ಮುರಿದು ಬಾಯಿಗಿಟ್ಟ.

ಆಮೇಲೆ ದಡಕ್ಕನೆ ಎದ್ದು ಹೊರಗೋಡಿ, ಬೇವಿನ ಮರದ ಬುಡದಲ್ಲಿ ಎಲ್ಲ ಕಕ್ಕಿದ.

ಮುಖ ತೊಳೆದು ಬಂದಾಗ ಎಲೆಯ ಮೇಲೆ ಇನ್ನೊಂದು ಹೋಳಿಗೆ ಇತ್ತು. ಅವನು ಸುಮ್ಮನೆ ಕೂತು ಅದಕ್ಕೂ ಕೈಹಾಕಿದ.

ನೀಲವ್ವ ಅವನ ಮಣಿಕಟ್ಟು ಹಿಡಿದರು.

“ಸಾಕು ಅನ್ನಬಾರದೇನೋ?”

“ನಿಮ್ಮ ಕೈಯಿಂದ ಬಿದ್ದದ್ದನ್ನ ಸಾಕು ಅನ್ನೋದು ಹೆಂಗವ್ವಾ?”

ಅವರು ಹೊಸ್ತಿಲಾಚೆ ಮಲಗಿದ್ದ ಮೋಡನ ಕಡೆ ನೋಡಿದರು. ಮೋಡ ಪಂಪಣ್ಣನ ಕೈಯನ್ನೇ ನೋಡುತ್ತಿತ್ತು.

ಪಂಪಣ್ಣ ಹೋಳಿಗೆ ಬಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡ.

“ಬೆಳಗಾದ ಮೇಲೆ ಹೊಳೆ ದಾಟು,” ಅಂದರು ನೀಲವ್ವ. “ಆಚೆ ಊರಲ್ಲಿ ಪಶುವೈದ್ಯರಿದ್ದಾರೆ.”

“ಮಂತ್ರ?”

“ಅವರು ಹೇಳಿದಷ್ಟೇ ಮಾಡೋದು. ಅದಕ್ಕಿಂತ ಕಷ್ಟದ ಮಂತ್ರ ನನಗೆ ಗೊತ್ತಿಲ್ಲ.”

ಮರುದಿನ ಬೆಳಗಿನ ಮಂಜಿನಲ್ಲಿ ಹರಿಗೋಲು ಮೆಲ್ಲಗೆ ಸುತ್ತುತ್ತ ಹೋಯಿತು. ದಂಡೆ ಕಾಣುತ್ತಿರಲಿಲ್ಲ. ಮೋಡ ಪಂಪಣ್ಣನ ತೊಡೆಯ ಮೇಲೆ ಹಗುರವಾಗಿ ಮಲಗಿತ್ತು. ನಡುನೀರಿನಲ್ಲಿ, ಎದುರಿಗೆ ಹುಲಿಗೆವ್ವ ಸೆರಗು ಹೊದ್ದು ಕೂತಿದ್ದಾಳೆ ಅನ್ನಿಸಿತು. ಮಾತಾಡಲು ಬಾಯಿ ತೆರೆದ. ಅಷ್ಟರಲ್ಲಿ ಬಿಸಿಲು ಬಂತು, ದಂಡೆ ಬಂತು.

ವೈದ್ಯೆ ಮೋಡನ ಹೊಟ್ಟೆ ಒತ್ತಿ ನೋಡಿದರು. ರಕ್ತ, ಮಲ ಎರಡನ್ನೂ ಪರೀಕ್ಷೆ ಮಾಡಿದರು.

“ಕರುಳಿಗೆ ಬಾವು ಬಂದಿದೆ,” ಅಂದರು. “ವಯಸ್ಸಾಗಿದೆಯಲ್ಲ, ಹಾಲು ಇದಕ್ಕೆ ಆಗೋದಿಲ್ಲ. ಮನೆಮದ್ದೆಲ್ಲ ನಿಲ್ಲಿಸಿ. ಈ ಗುಳಿಗೆ ಕೊಡಿ. ಮೆತ್ತಗೆ ಬೇಯಿಸಿದ ಅನ್ನ, ಸಿಹಿಗುಂಬಳ, ಚೂರು ಮೊಟ್ಟೆ. ಒಂದೇ ಸಲ ಬೇಡ, ಸ್ವಲ್ಪ ಸ್ವಲ್ಪ. ದಿನಾ ಅದೇ ಇರಲಿ.”

“ಬೇಜಾರಾಗೋದಿಲ್ಲವೇ ಅದಕ್ಕೆ?”

“ಅದಕ್ಕಲ್ಲ, ನಿಮಗೆ ಆಗಬಹುದು,” ಎಂದು ಅವರು ನಕ್ಕರು.

ಆ ಸಂಜೆ ಪಂಪಣ್ಣ ಹಾಲಿನ ತಂಬಿಗೆ ಹಿಡಿದು ನೀಲವ್ವನವರ ಹತ್ತಿರ ಬಂದ.

“ನನ್ನನ್ನೇ ನೋಡ್ತದವ್ವಾ. ಆ ಕಣ್ಣು ತಡಕೊಳ್ಳೋಕೆ ಆಗ್ತಿಲ್ಲ. ಒಂದು ತುತ್ತು ಕೊಟ್ಟರೆ...”

“ಆ ತುತ್ತು ಯಾರಿಗೆ?”

ಪಂಪಣ್ಣ ತಂಬಿಗೆಯೊಳಗೆ ನೋಡಿದ.

“ಅದನ್ನ ಇಲ್ಲಿಟ್ಟು ಹೋಗು. ಮೋಡನ ಹತ್ತಿರ ಕೂತ್ಕೋ.”

“ಏನು ತಗೊಂಡು ಹೋಗಲಿ?”

“ಬರಿಗೈ.”

ಅವನು ಹೋಗಿ ಮರಳಿನ ಮೇಲೆ ಕೂತ. ಮೋಡ ಎದ್ದು ಬಂದು ಒಂದು ಅಂಗೈ ಮೂಸಿತು. ಇನ್ನೊಂದನ್ನೂ ಮೂಸಿತು. ನೆಕ್ಕಿ ನೋಡಿತು. ಅಲ್ಲಿ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಅವನ ಮುಖ ನೋಡಿತು. ಆಮೇಲೆ ಆ ಖಾಲಿ ಅಂಗೈಯಲ್ಲಿ ಗಲ್ಲ ಇಟ್ಟು ಉಸಿರು ಬಿಟ್ಟಿತು.

ಹೊಳೆ ಆಕಾಶದ ಬಣ್ಣಕ್ಕೆ ತಿರುಗಿತ್ತು.

“ಅವಳು ಇಲ್ಲ ಕಣೋ,” ಅಂದ ಪಂಪಣ್ಣ. ಆ ಮಾತನ್ನು ಅವನು ಅಲ್ಲಿಯವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ ಮೇಲೆ ಅಳು ತಾನಾಗಿ ಬಂತು, ಬಹಳ ಹೊತ್ತು ನಿಲ್ಲಲಿಲ್ಲ. ಮೋಡ ಗಲ್ಲ ಎತ್ತಲಿಲ್ಲ.

ದಿನಗಳು ಹೋದವು. ವಾಂತಿ ಕಡಿಮೆಯಾಯಿತು, ಭೇದಿ ಕಟ್ಟಿತು. ನಡುವೆ ಒಮ್ಮೆ ಮರುಕಳಿಸಿತು. ಪಂಪಣ್ಣ ದಾರಿಹೋಕರ ಮದ್ದು ಕೇಳಲಿಲ್ಲ. ವೈದ್ಯೆಯ ಹತ್ತಿರ ಹೋಗಿ, ಬೇರೆ ಗುಳಿಗೆ ಬರೆಸಿಕೊಂಡು ಬಂದ. ಮೋಡನಿಗೆ ಹರೆಯವೇನೂ ಮರಳಲಿಲ್ಲ. ಪಕ್ಕೆಲುಬಿನ ಮೇಲೆ ಒಂದಿಷ್ಟು ಮಾಂಸ ಬಂತು, ನಡಿಗೆಯಲ್ಲಿ ಒಂದಿಷ್ಟು ಹುರುಪು ಬಂತು.

ಒಂದು ಬೆಳಿಗ್ಗೆ ಪಂಪಣ್ಣ ಗಾಬರಿಯಿಂದ ಓಡಿಬಂದ. ಕೈಯಲ್ಲಿ ಬೋಗುಣಿ ಇತ್ತು.

“ಅವ್ವಾ, ನೋಡ್ರಿ. ಅರ್ಧ ಅನ್ನ ಹಾಗೇ ಬಿಟ್ಟಿದೆ. ಯಾವತ್ತೂ ಹೀಗೆ ಬಿಟ್ಟದ್ದಿಲ್ಲ. ನಾನು ಪಕ್ಕದಲ್ಲೇ ಇದ್ದೆ, ಕರೆದೆ. ಬಾಲ ಆಡಿಸಿ ಎದ್ದು ಹೋಯ್ತು. ಮತ್ತೆ ಕೆಟ್ಟಿತೇನು?”

ನೀಲವ್ವ ಎದ್ದು ಹೊರಗೆ ಬಂದರು. ನೀರಿನ ಅಂಚಿನಲ್ಲಿ ಮೋಡ ಎಳೆಬಿಸಿಲಿಗೆ ಹೊಟ್ಟೆಯೊಡ್ಡಿ ಮಲಗಿತ್ತು. ಹೊಟ್ಟೆ ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು. ಕನಸಿನಲ್ಲಿ ಎಲ್ಲಿಗೋ ಓಡುತ್ತಿರುವಂತೆ ಪಾದಗಳು ಅಲುಗುತ್ತಿದ್ದವು.

ನೀಲವ್ವ ಅದನ್ನು ನೋಡುತ್ತ ನಿಂತರು.

“ಇಲ್ಲ ಪಂಪಣ್ಣ,” ಅಂದರು. “ಇವತ್ತು ಅದು ತನ್ನ ಹಸಿವಿಗೆ ಉಂಡಿದೆ.”